ಪ್ರತಿ ಅಂಚೆಚೀಟಿಗೂ ಎರಡು ಇಸವಿ

ಪ್ರಶ್ನೆ: ನನ್ನ ಸೋದರಮಾವ ತೀರಿಕೊಂಡ ಮೇಲೆ ಅವರ ಅಂಚೆಚೀಟಿಗಳ ಆಲ್ಬಂ ನನ್ನ ಕೈಗೆ ಬಂದಿದೆ. ಸುಮಾರು 400 ಚೀಟಿಗಳಿದ್ದು, ಎಲ್ಲವೂ ವೈದ್ಯಕೀಯಕ್ಕೆ ಸಂಬಂಧಿಸಿದವು. ಅವರು ದೇಶವಾರು ಜೋಡಿಸಿಟ್ಟಿದ್ದಾರೆ. ನಾನು ಅವನ್ನು ಪ್ರಾಚೀನ ಗ್ರೀಸಿನ ವೈದ್ಯ ಹಿಪೊಕ್ರೇಟಸ್‌ನಿಂದ ಹಿಡಿದು ಇಂದಿನವರೆಗೆ ಕಾಲಕ್ರಮದಲ್ಲಿ ಜೋಡಿಸಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ತೋರಿಸಬೇಕೆಂದಿದ್ದೇನೆ. ಮೂರು ಅನುಮಾನಗಳಿವೆ. ಸೊಳ್ಳೆಯ ಚಿತ್ರವಿರುವ ಚೀಟಿಗಳೇ 60ಕ್ಕಿಂತ ಹೆಚ್ಚಿವೆ, ಏಕೆ? ಕೆಲವು ಚೀಟಿಗಳಲ್ಲಿ ಬೆಲೆಯ ಪಕ್ಕದಲ್ಲಿ ಕೂಡುವ ಚಿಹ್ನೆ ಹಾಕಿ ಇನ್ನೊಂದು ಬೆಲೆ ಮುದ್ರಿಸಿದ್ದಾರೆ, ಅದೇನು? ಕೊನೆಯದಾಗಿ, ಅಂಚೆಚೀಟಿಗಳು ಹೇಳುವ ಇತಿಹಾಸವನ್ನು ನಂಬಬಹುದೇ?

ಉತ್ತರ: ಹಿಪೊಕ್ರೇಟಸ್‌ನನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆತ ಕಾಯಬಲ್ಲ. ಸೊಳ್ಳೆಯಿಂದಲೇ ಶುರು ಮಾಡೋಣ, ಏಕೆಂದರೆ ನಿಮ್ಮ ಮೂರನೆಯ ಪ್ರಶ್ನೆಗೂ ಅಲ್ಲೇ ಉತ್ತರವಿದೆ.

ಆ ಸೊಳ್ಳೆ ಚೀಟಿಗಳನ್ನು ಒಂದೆಡೆ ಹರಡಿ ನೋಡಿ. ಬಹುಪಾಲು ಚೀಟಿಗಳ ಮೇಲೆ 1962 ಎಂದಿರುತ್ತದೆ. ಭೂಗೋಳ, ಹಾವು ಸುತ್ತಿದ ಕೋಲು, ಅದರ ಕೆಳಗೆ ಸೊಳ್ಳೆ ಇರುವ ಒಂದೇ ಲಾಂಛನ ಮತ್ತೆ ಮತ್ತೆ ಕಾಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1955ರಲ್ಲಿ ಮಲೇರಿಯಾವನ್ನು ಭೂಮಿಯಿಂದಲೇ ಅಳಿಸಿಹಾಕುವ ಕಾರ್ಯಕ್ರಮಕ್ಕೆ ಕೈಹಾಕಿತು. ಡಿಡಿಟಿ ಎಂಬ ಕೀಟನಾಶಕ ಅದರ ಮುಖ್ಯ ಆಯುಧ. ಮನೆಯ ಗೋಡೆಗಳಿಗೆ ಡಿಡಿಟಿ ಸಿಂಪಡಿಸಿದರೆ, ರಕ್ತ ಹೀರಿ ಗೋಡೆಯ ಮೇಲೆ ಕೂರುವ ಸೊಳ್ಳೆ ಸಾಯುತ್ತದೆ. ಕೆಲವು ವರ್ಷ ಹೀಗೆ ಮಾಡಿದರೆ ರೋಗಾಣು ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಕೊಂಡಿಯೇ ಕಳಚುತ್ತದೆ ಎಂಬುದು ಲೆಕ್ಕ. ಈ ಹೋರಾಟಕ್ಕೆ ಪ್ರಚಾರವೂ ಹಣವೂ ಬೇಕಿತ್ತು. ಹಾಗಾಗಿ 1962ರ ಏಪ್ರಿಲ್ 7ರ ವಿಶ್ವ ಆರೋಗ್ಯ ದಿನವನ್ನು ಮುಂದಿಟ್ಟುಕೊಂಡು ನೂರಕ್ಕೂ ಹೆಚ್ಚು ದೇಶಗಳು ಒಂದೇ ವಿಷಯದ ಮೇಲೆ ಅಂಚೆಚೀಟಿ ಹೊರಡಿಸಿದವು. ನಿಮ್ಮ ಮಾವನವರಂತೆ ಆ ಕಾಲದ ಸಂಗ್ರಹಕಾರರೆಲ್ಲ ಅವನ್ನು ಕೊಂಡರು.

ಆಮೇಲೆ ಏನಾಯಿತು? ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು, ರೋಗಾಣು ಮಲೇರಿಯಾದ ಔಷಧಿ ಕ್ಲೋರೊಕ್ವಿನ್‌ಗೆ ಒಗ್ಗಿಕೊಂಡಿತು, ಹಣ ಕೊಡುತ್ತಿದ್ದವರಿಗೆ ಸಾಕಾಯಿತು. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಜಗತ್ತಿನಿಂದ ಮಲೇರಿಯಾ ನಿರ್ಮೂಲನೆಯ ಗುರಿಯನ್ನು ಕೈಬಿಟ್ಟು ನಿಯಂತ್ರಣದ ಮಾತಿಗೆ ಇಳಿಯಿತು. ಕೆಲವು ದೇಶಗಳು ಗೆದ್ದವು, ನಿಜ. ಆದರೆ ನಿಮ್ಮ ಆಲ್ಬಮ್ಮಿನ ಆ ಅರವತ್ತು ಚೀಟಿಗಳನ್ನು ಮಾತ್ರ ನೋಡಿದ ವಿದ್ಯಾರ್ಥಿ ಮಲೇರಿಯಾ 1962ರಲ್ಲೇ ಮುಗಿಯಿತು ಎಂದುಕೊಂಡಾನು.

ಅದೇ ಪುಟದ ಎದುರಿಗೆ ಸಿಡುಬಿನ ಚೀಟಿಗಳನ್ನಿಡಿ. ಇವು ನಿಮ್ಮಲ್ಲಿ ಕಡಿಮೆ ಇರಬಹುದು. ಮಲೇರಿಯಾಕ್ಕೆ ಸಿಕ್ಕ ಅಬ್ಬರದ ಪ್ರಚಾರ ಸಿಡುಬಿಗೆ ಸಿಗಲಿಲ್ಲ. ಆದರೆ ಹೋದದ್ದು ಸಿಡುಬೇ. ಸಹಜವಾಗಿ ಸಿಡುಬು ತಗುಲಿದ ಕೊನೆಯ ರೋಗಿ ಸೋಮಾಲಿಯಾದ ಮರ್ಕಾ ಪಟ್ಟಣದ ಆಸ್ಪತ್ರೆಯ ಅಡುಗೆಯವ ಅಲಿ ಮಾವ್ ಮಾಲಿನ್. ಅದು 1977ರ ಅಕ್ಟೋಬರ್. ವಿಶ್ವಸಂಸ್ಥೆಯ ಅಂಚೆ ವಿಭಾಗ 1978ರಲ್ಲಿ ಸಿಡುಬು ನಿರ್ಮೂಲನೆಯ ಚೀಟಿ ಹೊರಡಿಸಿತು. ರೋಗ ಅಳಿಯಿತೆಂಬ ಅಧಿಕೃತ ಘೋಷಣೆ ಬಂದದ್ದು 1980ರ ಮೇ 8ರಂದು. ಇನ್ನೊಂದು ವಿಷಯವನ್ನು ವಿದ್ಯಾರ್ಥಿಗಳಿಗೆ ಖಂಡಿತ ಹೇಳಿ: ಸಿಡುಬಿನಿಂದ ಬದುಕುಳಿದ ಮಾಲಿನ್ ಮುಂದೆ ಪೋಲಿಯೊ ಲಸಿಕೆಯ ಅಭಿಯಾನದಲ್ಲಿ ದುಡಿದರು, 2013ರಲ್ಲಿ ತೀರಿಕೊಂಡರು. ಕಾರಣ ಮಲೇರಿಯಾ. ಈ ಎರಡು ಪುಟಗಳನ್ನು ಎದುರುಬದುರು ಇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಈಗ ನನ್ನ ಸಲಹೆಯ ತಿರುಳು ನಿಮಗೆ ಹೊಳೆದಿರಬಹುದು. ಪ್ರತಿ ಚೀಟಿಗೂ ಎರಡು ಇಸವಿಗಳಿವೆ. ಅದು ಯಾವ ಘಟನೆಯನ್ನು ನೆನೆಯುತ್ತದೋ ಆ ಇಸವಿ ಒಂದು, ಅಚ್ಚಾದ ಇಸವಿ ಇನ್ನೊಂದು. ಸಂಗ್ರಹಕಾರರು ಸಾಮಾನ್ಯವಾಗಿ ಮೊದಲನೆಯದನ್ನು ಹಿಡಿದು ಜೋಡಿಸುತ್ತಾರೆ. ನೀವೂ ಹಾಗೆಯೇ ಹೊರಟಿದ್ದೀರಿ. ನಾನು ಎರಡನೆಯದನ್ನು ಹಿಡಿಯಿರಿ ಎನ್ನುತ್ತೇನೆ. ಅಚ್ಚಾದ ಇಸವಿಯನ್ನು ನೋಡಿದರೆ ಆ ಚೀಟಿ ಯಾರಿಗೆ ಯಾಕೆ ಬೇಕಾಗಿತ್ತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ನನಗೆ ತುಂಬ ಇಷ್ಟವಾದ ಜೋಡಿಯೊಂದನ್ನು ಹೇಳುತ್ತೇನೆ. ಎರಡೂ 1965ರಲ್ಲಿ ಬಂದವು. ಬ್ರಿಟನ್ನಿನದು ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಗೆ ನಂಜುನಿರೋಧಕ ತಂದ ಶತಮಾನೋತ್ಸವದ ಚೀಟಿ. ಆಸ್ಟ್ರಿಯಾದ್ದು ಹಂಗೇರಿಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ತೀರಿಕೊಂಡು ನೂರು ವರ್ಷವಾದ ನೆನಪಿನದು. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಯ ಎರಡು ವಿಭಾಗಗಳಿದ್ದವು. ವೈದ್ಯರೂ ವಿದ್ಯಾರ್ಥಿಗಳೂ ಇದ್ದ ಮೊದಲನೆಯದರಲ್ಲಿ ಬಾಣಂತಿಯರು ನಂಜೇರಿ ಸಾಯುವುದು ಹೆಚ್ಚು, ಸೂಲಗಿತ್ತಿಯರಿದ್ದ ಎರಡನೆಯದರಲ್ಲಿ ಕಡಿಮೆ. ಶವಗಳನ್ನು ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆಗೆ ಬರುತ್ತಿದ್ದಾರೆ ಎಂಬುದು ಸೆಮ್ಮೆಲ್‌ವೈಸ್‌ಗೆ ಅರಿವಾಯಿತು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಶೇ 2ರ ಆಸುಪಾಸಿಗೆ ಇಳಿಯಿತು. ಇಷ್ಟಾದರೂ ಹಿರಿಯರು ಒಪ್ಪಲಿಲ್ಲ. ನಮ್ಮ ಕೈಯೇ ಕೊಲ್ಲುತ್ತಿದೆ ಎಂದರೆ ಯಾರು ತಾನೇ ಒಪ್ಪಿಯಾರು? ಅವನ ಹುದ್ದೆ ಮುಂದುವರಿಯಲಿಲ್ಲ. ಹಂಗೇರಿಗೆ ಮರಳಿದ, ಜಗಳವಾಡಿದ, ಕೊನೆಗೆ ವಿಯೆನ್ನಾದ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ 1865ರ ಆಗಸ್ಟ್ 13ರಂದು ಸತ್ತ. ಅದೂ ಗಾಯ ನಂಜಾಗಿ.

ಅದರ ಹಿಂದಿನ ದಿನ, ಆಗಸ್ಟ್ 12ರಂದು, ಗ್ಲಾಸ್ಗೋದಲ್ಲಿ ಗಾಡಿ ಹರಿದು ಕಾಲಿನ ಮೂಳೆ ಮುರಿದುಕೊಂಡ 11 ವರ್ಷದ ಹುಡುಗನ ಗಾಯಕ್ಕೆ ಲಿಸ್ಟರ್ ಕಾರ್ಬಾಲಿಕ್ ಆಮ್ಲ ಅದ್ದಿದ ಪಟ್ಟಿ ಕಟ್ಟಿದ್ದ. ಹುಡುಗನ ಕಾಲು ಉಳಿಯಿತು. ಈ ಎರಡು ದಿನಗಳು ಹೀಗೆ ಅಕ್ಕಪಕ್ಕ ಬಂದದ್ದು ಕೇವಲ ಆಕಸ್ಮಿಕ. ಆದರೂ ಆ ಎರಡು ಚೀಟಿಗಳನ್ನು ಜೊತೆಗಿಟ್ಟಾಗಲೆಲ್ಲ ನನಗೆ ಒಂದು ಕ್ಷಣ ಮಾತು ಹೊರಡುವುದಿಲ್ಲ. ಹೊರಗಟ್ಟಿದ ಊರಿನ ದೇಶವೇ ನೂರು ವರ್ಷದ ಮೇಲೆ ಅವನ ಮುಖವನ್ನು ಅಚ್ಚು ಹಾಕಿಸಿತು.

ಬ್ರಿಟನ್ನಿನ ಚೀಟಿಯಲ್ಲಿ ಇನ್ನೊಂದು ತಮಾಷೆಯಿದೆ. ನಾಲ್ಕು ಪೆನ್ನಿಯ ಚೀಟಿಯ ಮೇಲಿರುವುದು ಕಾರ್ಬಾಲಿಕ್ ತುಂತುರು ಯಂತ್ರ. ಶಸ್ತ್ರಚಿಕಿತ್ಸೆಯ ಕೋಣೆಯ ಗಾಳಿಗೆಲ್ಲ ಆಮ್ಲವನ್ನು ಎರಚುತ್ತಿದ್ದ ಉಪಕರಣ ಅದು. ಲಿಸ್ಟರ್ ಅದನ್ನು ಬಳಕೆಗೆ ತಂದದ್ದು 1870ರ ದಶಕದಲ್ಲಿ. 1865ರಲ್ಲಿ ಅದು ಇರಲೇ ಇಲ್ಲ. ಗಾಯಕ್ಕೆ ನಂಜು ತರುವುದು ಗಾಳಿಗಿಂತ ಹೆಚ್ಚಾಗಿ ಕೈ ಮತ್ತು ಉಪಕರಣ ಎಂದು ಗೊತ್ತಾದ ಮೇಲೆ ಅವನೇ ಅದನ್ನು ಬಿಟ್ಟ. 1890ರಲ್ಲಿ, ಇಂಥದ್ದನ್ನು ಶಿಫಾರಸು ಮಾಡಿದ್ದಕ್ಕೆ ನಾಚಿಕೆಯಾಗುತ್ತದೆ ಎಂದೂ ಹೇಳಿಕೊಂಡ. ಹೀಗೆ, 1865ನ್ನು ನೆನೆಯುವ ಚೀಟಿಯ ಮೇಲೆ ಆಗ ಇಲ್ಲದಿದ್ದ, ಮುಂದೆ ಕಂಡುಹಿಡಿದವನೇ ತಳ್ಳಿಹಾಕಿದ ಯಂತ್ರ ಕುಳಿತಿದೆ. ತಪ್ಪು ಎನ್ನಲಾರೆ, ಚಿತ್ರಕ್ಕೆ ಅದು ಚೆನ್ನಾಗಿ ಒದಗುತ್ತದೆ. ಪಟ್ಟಿ ಕಟ್ಟಿದ ಹುಡುಗನ ಕಾಲನ್ನು ಯಾರು ಬಿಡಿಸುತ್ತಾರೆ?

ಬ್ರಿಟನ್ನಿನ ವಿಷಯದಲ್ಲಿ ಇನ್ನೂ ಒಂದು ಮಾತು. ಅಲ್ಲಿನ ಚೀಟಿಗಳಲ್ಲಿ 1964ರ ತನಕ ರಾಜಮನೆತನದವರ ಮುಖಕ್ಕಷ್ಟೇ ಜಾಗವಿತ್ತು. ಹಾಗಾಗಿ ರಕ್ತ ಸಂಚಾರವನ್ನು 1628ರಲ್ಲಿ ವಿವರಿಸಿದ ವಿಲಿಯಂ ಹಾರ್ವಿ ಎಂಬ ಇಂಗ್ಲಿಷ್ ವೈದ್ಯನ ಮುಖ, ಅವನು ತೀರಿಕೊಂಡ 300ನೇ ವರ್ಷವಾದ 1957ರಲ್ಲಿ ಸೋವಿಯತ್ ಒಕ್ಕೂಟದ ಚೀಟಿಯ ಮೇಲೆ ಬಂತು. ಶೀತಲ ಸಮರದ ನಡುವೆ ಮಾಸ್ಕೊ ಹಾರ್ವಿಯನ್ನು ಗೌರವಿಸಿದಾಗ ಅವನ ಸ್ವಂತ ದೇಶದ ಅಂಚೆ ಸುಮ್ಮನಿತ್ತು. ನಿಮ್ಮ ಮಾವನವರಂತೆ ದೇಶವಾರು ಜೋಡಿಸಿದರೆ ಈ ಸ್ವಾರಸ್ಯ ರಷ್ಯಾದ ಪುಟದಲ್ಲಿ ಹೂತುಹೋಗುತ್ತದೆ.

ಇನ್ನು ಆ ಕೂಡುವ ಚಿಹ್ನೆ. ಮೊದಲ ಅಂಕಿ ಅಂಚೆ ದರ, ಎರಡನೆಯದು ದೇಣಿಗೆ. 1.75 ಫ್ರಾಂಕ್ + 50 ಸೆಂಟೀಮ್ ಎಂದಿದ್ದರೆ ನೀವು 2.25 ಫ್ರಾಂಕ್ ಕೊಡುತ್ತೀರಿ, ಕಾಗದ ಹೋಗುವುದು 1.75ರ ಲೆಕ್ಕದಲ್ಲಿ, ಉಳಿದದ್ದು ಸತ್ಕಾರ್ಯಕ್ಕೆ. ಈ ಬೆಲೆಯ ಚೀಟಿ ನಿಮ್ಮಲ್ಲಿದೆಯೇ ನೋಡಿ. ಪಿಯರ್ ಮತ್ತು ಮೇರಿ ಕ್ಯೂರಿ ಇರುವ ಚೀಟಿ ಅದು. ರೇಡಿಯಂ ಕಂಡುಹಿಡಿದ 40ನೇ ವರ್ಷ, 1938ರಲ್ಲಿ, ಫ್ರಾನ್ಸ್ ಮತ್ತು ಅದರ ವಸಾಹತುಗಳಲ್ಲೆಲ್ಲ ಬಂತು. ಹೆಚ್ಚುವರಿ ಹಣ ಕ್ಯಾನ್ಸರ್ ವಿರುದ್ಧದ ಅಂತರರಾಷ್ಟ್ರೀಯ ಒಕ್ಕೂಟಕ್ಕೆ. ಮೇರಿ ಕ್ಯೂರಿ ತೀರಿಕೊಂಡು ಆಗ ನಾಲ್ಕೇ ವರ್ಷ. ದಶಕಗಳ ವಿಕಿರಣ ಆಕೆಯ ಅಸ್ಥಿಮಜ್ಜೆಯನ್ನೇ ತಿಂದುಹಾಕಿತ್ತು.

ಈ ಪದ್ಧತಿ ಹುಟ್ಟಿದ್ದೇ ಆರೋಗ್ಯದ ಕೆಲಸಕ್ಕಾಗಿ. 1897ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕ್ಷಯರೋಗಿಗಳ ಆಶ್ರಯಧಾಮಕ್ಕೆ ಹಣ ಕೂಡಿಸಲು ಒಂದು ಪೆನ್ನಿಯ ಚೀಟಿಯನ್ನು ಒಂದು ಶಿಲಿಂಗ್‌ಗೆ, ಎರಡೂವರೆ ಪೆನ್ನಿಯದನ್ನು ಎರಡೂವರೆ ಶಿಲಿಂಗ್‌ಗೆ ಮಾರಿತು. ಅಂದರೆ ಹನ್ನೆರಡು ಪಟ್ಟು! ಇಷ್ಟು ನಾಚಿಕೆಯಿಲ್ಲದೆ ಕೇಳಿದ ಅಂಚೆ ಇಲಾಖೆ ಆಮೇಲೆ ಹುಟ್ಟಿಲ್ಲವೇನೋ. ನ್ಯೂಜಿಲೆಂಡ್ 1929ರಲ್ಲಿ ಶುರು ಮಾಡಿದ ಆರೋಗ್ಯ ಚೀಟಿಗಳ ಹಣ ಮುಂದೆ ಮಕ್ಕಳ ಆರೋಗ್ಯ ಶಿಬಿರಗಳಿಗೆ ಹೋಯಿತು. ಅಲ್ಲಿನ 1931ರ ನಗುವ ಹುಡುಗನ ಎರಡು ಚೀಟಿಗಳು, ಕೆಂಪು ಮತ್ತು ನೀಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಬಂದವು. ಕೊಳ್ಳುವವರು ಕಡಿಮೆಯಾದ್ದರಿಂದ ಇಂದು ದುಬಾರಿ. ನಿಮ್ಮಲ್ಲಿದ್ದರೆ ಕೈ ಹಚ್ಚುವ ಮೊದಲು ಚಿಮಟ ತೆಗೆದುಕೊಳ್ಳಿ. ಅಮೆರಿಕ ಈ ದಾರಿಗೆ ಬಂದದ್ದು 1998ರಲ್ಲಿ. ಸ್ತನ ಕ್ಯಾನ್ಸರ್ ಸಂಶೋಧನೆಗಾಗಿ 32 ಸೆಂಟಿನ ಚೀಟಿಯನ್ನು 40 ಸೆಂಟಿಗೆ ಮಾರಿತು. ಅದರ ಮೇಲೆ ಕೂಡುವ ಚಿಹ್ನೆ ಇಲ್ಲ, ಆದರೂ ಅದೇ ಜಾತಿಯದು.

ಒಂದು ಎಚ್ಚರಿಕೆ. ನಿಮ್ಮ ಸಂಗ್ರಹದಲ್ಲಿ ದೇಶದ ಹೆಸರೂ ಬೆಲೆಯೂ ಇಲ್ಲದ, ಎರಡು ಅಡ್ಡಗೆರೆಯ ಶಿಲುಬೆ ಇರುವ ಚೀಟಿಗಳು ಇರಬಹುದು. ಅವು ಅಂಚೆಚೀಟಿಗಳೇ ಅಲ್ಲ. ಕ್ಷಯ ನಿವಾರಣೆಗೆ ಹಣ ಕೂಡಿಸಲು ಮಾರಿದ ಕ್ರಿಸ್‌ಮಸ್ ಸೀಲ್‌ಗಳು. ಐನಾರ್ ಹೊಲ್ಬೊಲ್ ಎಂಬ ಡೆನ್ಮಾರ್ಕಿನ ಅಂಚೆ ನೌಕರ ಹಬ್ಬದ ಕಾಗದಗಳ ರಾಶಿಯನ್ನು ವಿಂಗಡಿಸುತ್ತ, ಪ್ರತಿ ಕಾಗದಕ್ಕೂ ಪುಡಿಗಾಸಿನ ಇನ್ನೊಂದು ಚೀಟಿ ಅಂಟಿಸಿದರೆ ಎಷ್ಟು ಹಣವಾದೀತು ಎಂದು ಯೋಚಿಸಿದ. 1904ರಲ್ಲಿ ಮೊದಲ ಸೀಲ್ ಬಂತು, ಆ ಒಂದೇ ಹಂಗಾಮಿನಲ್ಲಿ 40 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅಮೆರಿಕದಲ್ಲಿ ಎಮಿಲಿ ಬಿಸೆಲ್ 1907ರಲ್ಲಿ ಒಂದು ಪುಟ್ಟ ಕ್ಷಯ ಚಿಕಿತ್ಸಾಲಯ ಉಳಿಸಲು 300 ಡಾಲರ್ ಬೇಕೆಂದು ಹೊರಟು ಅದರ ಹತ್ತು ಪಟ್ಟು ಕೂಡಿಸಿದರು. ನಾನೇ ಒಮ್ಮೆ ಇಂಥ ಸೀಲನ್ನು ಅಂಚೆಚೀಟಿಯೆಂದು ಪ್ರದರ್ಶನದಲ್ಲಿಟ್ಟು ತೀರ್ಪುಗಾರರ ಮುಂದೆ ತಲೆ ತಗ್ಗಿಸಿದ್ದೇನೆ. ಎಸೆಯಬೇಡಿ, ಬೇರೆ ಹಾಳೆಯಲ್ಲಿಡಿ. ಮಾನ ಹೋದರೂ ಹೇಳುತ್ತೇನೆ: ಜನಸಾಮಾನ್ಯರು ರೋಗವೊಂದರ ವಿರುದ್ಧ ಕೈಗಾಸು ಹಾಕಿದ ಕಥೆಯನ್ನು ಎಷ್ಟೋ ನಿಜವಾದ ಅಂಚೆಚೀಟಿಗಳಿಗಿಂತ ಆ ಸೀಲ್‌ಗಳು ಚೆನ್ನಾಗಿ ಹೇಳುತ್ತವೆ.

ನಂಬಬಹುದೇ ಎಂದು ಕೇಳಿದಿರಿ. ಅಂಚೆಚೀಟಿ ಹೊರಡಿಸುವುದು ಸರ್ಕಾರ, ಮತ್ತು ಸರ್ಕಾರಕ್ಕೆ ತನ್ನವರ ಮೇಲೆ ಮಮತೆ. ವಿಜ್ಞಾನದಲ್ಲಿ ಇತ್ಯರ್ಥವಾಗದ ವ್ಯಾಜ್ಯಗಳಿಗೆಲ್ಲ ಅಂಚೆಯಲ್ಲಿ ತೀರ್ಪು ಸಿಕ್ಕಿಬಿಡುತ್ತದೆ. ಹಳದಿ ಜ್ವರವನ್ನು ಸೊಳ್ಳೆ ಹರಡುತ್ತದೆ ಎಂದು ಕ್ಯೂಬಾದ ಹವಾನಾದಲ್ಲಿ ವೈದ್ಯ ಕಾರ್ಲೋಸ್ ಫಿನ್ಲೇ 1881ರಲ್ಲೇ ಹೇಳಿದ. 1900ರಲ್ಲಿ ವಾಲ್ಟರ್ ರೀಡ್ ನೇತೃತ್ವದ ಅಮೆರಿಕದ ಸೇನಾ ತಂಡ ಅದೇ ಕ್ಯೂಬಾದಲ್ಲಿ ಪ್ರಯೋಗ ಮಾಡಿ ಸಾಬೀತುಪಡಿಸಿತು. ಕ್ಯೂಬಾ 1934ರಲ್ಲಿ ಫಿನ್ಲೇಯ ಚೀಟಿ ತಂದಿತು, ಅಮೆರಿಕ 1940ರಲ್ಲಿ ರೀಡ್‌ನದು. ಅಕ್ಕಪಕ್ಕ ಇಟ್ಟರೆ ಎರಡು ದೇಶಗಳ ವಕೀಲರು ಎದ್ದು ನಿಂತಂತಿರುತ್ತದೆ.

ಆ 1940ರ ಸರಣಿಯಲ್ಲೇ ಇನ್ನೊಂದು ತೀರ್ಪಿದೆ. ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದ ಮೊದಲಿಗ ಯಾರು? ಬಾಸ್ಟನ್ನಿನಲ್ಲಿ 1846ರ ಅಕ್ಟೋಬರ್ 16ರಂದು ಎಲ್ಲರ ಕಣ್ಣೆದುರು ಮಾಡಿ ತೋರಿಸಿದವನು ವಿಲಿಯಂ ಮಾರ್ಟನ್. ಜಗತ್ತಿಗೆ ಅರಿವಳಿಕೆ ಗೊತ್ತಾದದ್ದು ಅವನಿಂದ. ಜಾರ್ಜಿಯಾದ ಹಳ್ಳಿಗಾಡಿನ ವೈದ್ಯ ಕ್ರಾಫರ್ಡ್ ಲಾಂಗ್ 1842ರ ಮಾರ್ಚ್ 30ರಂದೇ ಒಬ್ಬನ ಕುತ್ತಿಗೆಯ ಗಂಟನ್ನು ಈಥರ್ ಕೊಟ್ಟು ತೆಗೆದಿದ್ದ. ಆದರೆ 1849ರವರೆಗೆ ಪ್ರಕಟಿಸಲೇ ಇಲ್ಲ. ಚೀಟಿ ಸಿಕ್ಕಿದ್ದು ಲಾಂಗ್‌ಗೆ. ಮೊದಲು ಮಾಡಿದವನಿಗೋ ಮೊದಲು ತಿಳಿಸಿದವನಿಗೋ ಗೌರವ ಎಂಬ ಚರ್ಚೆಗೆ ವಿದ್ಯಾರ್ಥಿಗಳನ್ನು ಎಳೆಯಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ನನ್ನ ಮತ ಕೇಳಿದರೆ ಮಾರ್ಟನ್‌ಗೆ. ಹೇಳದೆ ಬಚ್ಚಿಟ್ಟ ಚಿಕಿತ್ಸೆ ಪಕ್ಕದ ಊರಿನ ರೋಗಿಯ ನೋವನ್ನೂ ನೀಗಲಿಲ್ಲ. ಒಪ್ಪದವರು ಬೇಕಾದಷ್ಟು ಜನರಿದ್ದಾರೆ.

ಕೆನಡಾ ಒಮ್ಮೆ ಜಾಣತನ ತೋರಿತು. ಇನ್ಸುಲಿನ್ನಿನ ಶ್ರೇಯಸ್ಸಿಗೆ ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್ಲಿಯೋಡ್, ಕಾಲಿಪ್ ನಡುವೆಯೇ ಎಳೆದಾಟವಿತ್ತು. 1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್‌ಗೆ ಬಂದಾಗ ಅದು ಇನ್ನೂ ಬಿಗಡಾಯಿಸಿತು. 1971ರ ಐವತ್ತನೇ ವರ್ಷದ ಚೀಟಿಯಲ್ಲಿ ಯಾರ ಮುಖವೂ ಇಲ್ಲ, ಪ್ರಯೋಗಾಲಯದ ಸಲಕರಣೆಗಳು ಮಾತ್ರ. ಪೋಲಿಯೊ ಲಸಿಕೆಯ ವಿಷಯದಲ್ಲಿ ಅಮೆರಿಕ ಇನ್ನೊಂದು ಉಪಾಯ ಹೂಡಿತು. ಜೀವಮಾನವಿಡೀ ಒಬ್ಬರನ್ನೊಬ್ಬರು ಸಹಿಸದ ಸಾಲ್ಕ್ ಮತ್ತು ಸೇಬಿನ್ ಇಬ್ಬರಿಗೂ 2006ರಲ್ಲಿ ಒಟ್ಟಿಗೆ ಚೀಟಿ ಕೊಟ್ಟಿತು. ಸಾಲ್ಕ್ 63 ಸೆಂಟ್, ಸೇಬಿನ್ 87. ಬದುಕಿದ್ದಿದ್ದರೆ ಸಾಲ್ಕ್ ತಕರಾರು ತೆಗೆಯುತ್ತಿದ್ದನೋ ಏನೋ.

ಮುಖಗಳನ್ನಂತೂ ನಂಬಲೇಬೇಡಿ. ಹಿಪೊಕ್ರೇಟಸ್ ಆಗಲಿ ಮಧ್ಯಯುಗದ ಹೆಸರಾಂತ ವೈದ್ಯ ಇಬ್ನ್ ಸೀನಾ ಆಗಲಿ ಹೇಗಿದ್ದರೆಂದು ಯಾರಿಗೂ ಗೊತ್ತಿಲ್ಲ; ಅವರ ಕಾಲದಲ್ಲಿ ಬರೆದ ಚಿತ್ರ ಒಂದೂ ಉಳಿದಿಲ್ಲ. ಇಬ್ನ್ ಸೀನಾ ಹುಟ್ಟಿದ್ದು ಇಂದಿನ ಉಜ್ಬೆಕಿಸ್ತಾನದ ಬುಖಾರಾದ ಬಳಿ, ಮಣ್ಣಾದದ್ದು ಇರಾನಿನ ಹಮದಾನ್‌ನಲ್ಲಿ. ಆದ್ದರಿಂದ ಆತನನ್ನು ತಮ್ಮವನೆನ್ನುವ ದೇಶಗಳು ಹಲವು, ದೇಶಕ್ಕೊಂದು ಗಡ್ಡ, ದೇಶಕ್ಕೊಂದು ಪೇಟ. ಇರಾನ್ 1948ರಿಂದ ಆತನ ಸಮಾಧಿಯನ್ನು ಮತ್ತೆ ಕಟ್ಟಲು ದೇಣಿಗೆಯ ಚೀಟಿಗಳನ್ನೇ ಮಾರಿತು. ಛಾಯಾಚಿತ್ರ ಇದ್ದವರ ಪಾಡೂ ಅಷ್ಟರಲ್ಲೇ ಇದೆ: ಪೋಲಿಯೊ ರೋಗಿಯೂ ಅಂಚೆಚೀಟಿಯ ಹುಚ್ಚನೂ ಆಗಿದ್ದ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ತನ್ನ ಆಲ್ಬಂ ನೋಡುತ್ತಿರುವ ಮೊನಾಕೊದ 1947ರ ಚೀಟಿಯಲ್ಲಿ ಎಡಗೈಯ ಬೆರಳುಗಳನ್ನು ಎಣಿಸಿ. ಆರು. ಹಾವುಗಳನ್ನೂ ಎಣಿಸಿ. ಒಂದೇ ಹಾವಿನ ಕೋಲು ವೈದ್ಯದೇವತೆ ಅಸ್ಕ್ಲೇಪಿಯಸ್‌ನದು. ರೆಕ್ಕೆಯೂ ಎರಡು ಹಾವುಗಳೂ ಇದ್ದರೆ ಅದು ವ್ಯಾಪಾರದ ದೇವತೆ ಹರ್ಮಿಸ್‌ನದು, ಕಲಾವಿದ ಗೊಂದಲ ಮಾಡಿಕೊಂಡಿದ್ದಾನೆ. ಕೆಲವು ಆಸ್ಪತ್ರೆಗಳಿಗೆ ಎರಡನೆಯದೇ ಒಪ್ಪುತ್ತದೆ ಎಂದು ನೀವು ಹೇಳಿದರೆ ನಾನು ವಾದಿಸಲಾರೆ.

ನೀವು ಹುಡುಕಿದರೂ ಸುಲಭವಾಗಿ ಸಿಗದವರು ರೋಗಿಗಳು. ಸಿಡುಬಿನ ಲಸಿಕೆ ತಂದ ಜೆನ್ನರ್‌ಗೆ ಚೀಟಿಗಳು ಹಲವು. 1796ರಲ್ಲಿ ಆ ಲಸಿಕೆಗೆ ತೋಳು ಒಡ್ಡಿದ ಎಂಟು ವರ್ಷದ ಜೇಮ್ಸ್ ಫಿಪ್ಸ್ ಬಂದರೂ ವೈದ್ಯನ ಕೈಯಡಿಯ ತೋಳಾಗಿ ಬರುತ್ತಾನೆ. ಬ್ರಿಟನ್ 1999ರಲ್ಲಿ ವೈದ್ಯನನ್ನು ಬಿಟ್ಟು ಲಸಿಕೆಯ ಮೂಲವಾದ ಹಸುವನ್ನೇ ಹಿಡಿಯಿತು. ಅದರ ಮೈಮೇಲಿನ ಮಚ್ಚೆಗಳನ್ನು ಗಮನವಿಟ್ಟು ನೋಡಿದರೆ ಲಸಿಕೆ ಹಾಕುವ ದೃಶ್ಯ ಮೂಡುತ್ತದೆ. ಆ ಸರಣಿಗೆ ಅವರು ಇಟ್ಟ ಹೆಸರು ರೋಗಿಗಳ ಕಥೆ. ಆಸ್ಟ್ರಿಯಾ ಇನ್ನೂ ಮುಂದೆ ಹೋಗಿ 2020ರಲ್ಲಿ ಕೋವಿಡ್ ಚೀಟಿಯನ್ನು ನಿಜವಾದ ಶೌಚದ ಕಾಗದದ ಮೇಲೆ ಅಚ್ಚು ಹಾಕಿತು, 2.75 ಯೂರೊ ದರಕ್ಕೆ ಅಷ್ಟೇ ದೇಣಿಗೆ ಸೇರಿಸಿ. ಅಂಗಡಿಗಳಲ್ಲಿ ಜನ ಆ ಕಾಗದಕ್ಕಾಗಿ ಮುಗಿಬಿದ್ದದ್ದನ್ನು ಮುಂದಿನ ಪೀಳಿಗೆಗೆ ಬೇರೆ ಯಾವ ಸರ್ಕಾರಿ ದಾಖಲೆ ಇಷ್ಟು ನೇರವಾಗಿ ಹೇಳೀತು?

ಜೋಡಿಸುವ ಕೆಲಸ ಸರಳ. ಅಂಟಿರುವುದನ್ನು ಕೀಳಬೇಡಿ; ಕಿತ್ತರೆ ಹಿಂಬದಿಯ ಗೋಂದೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಬಿಡಿಯಾಗಿರುವುದನ್ನು ಮಾತ್ರ ಪಾರದರ್ಶಕ ಪಟ್ಟಿಗಳಿಗೆ ಸೇರಿಸಿ. ಅಚ್ಚಾದ ಇಸವಿಯಂತೆ ಸಾಲಾಗಿ ಇಟ್ಟು, ಪ್ರತಿಯೊಂದರ ಕೆಳಗೆ ಎರಡೂ ಇಸವಿಗಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಉದಾಹರಣೆಗೆ ಡಾನ್ಸಿಗ್ ಸ್ವತಂತ್ರ ನಗರ (ಇಂದು ಪೋಲೆಂಡಿನ ಗ್ಡಾನ್ಸ್ಕ್) 1939ರಲ್ಲಿ ಕ್ಯಾನ್ಸರ್ ವಿರೋಧಿ ಹೋರಾಟಕ್ಕೆಂದು ಅನುವಂಶೀಯತೆಯ ನಿಯಮಗಳನ್ನು ಕಂಡ ಮೆಂಡೆಲ್, ಕ್ಷಯದ ರೋಗಾಣುವನ್ನು ಗುರುತಿಸಿದ ಕಾಕ್, ಎಕ್ಸ್-ರೇ ಕಂಡುಹಿಡಿದ ರಾಂಟ್ಜನ್ ಚಿತ್ರಗಳ ಮೂರು ಚೀಟಿ ತಂದಿತು. ಚಿತ್ರ ನೋಡಿದರೆ ಹತ್ತೊಂಬತ್ತನೇ ಶತಮಾನದ ವಿಜ್ಞಾನ. ಇಸವಿ ನೋಡಿದರೆ ನಾಜಿಗಳ ಹಿಡಿತದಲ್ಲಿದ್ದ ನಗರ. ಅನುವಂಶೀಯತೆಯ ಹೆಸರಿನಲ್ಲಿ ಜರ್ಮನಿ ಜನರ ಸಂತಾನಶಕ್ತಿಯನ್ನು ಕಿತ್ತುಕೊಳ್ಳುತ್ತಿದ್ದ ಕಾಲ. ಆ ಸೆಪ್ಟೆಂಬರ್ ಒಂದಕ್ಕೆ ಯುದ್ಧ ಶುರುವಾದದ್ದೂ ಅಲ್ಲಿಂದಲೇ. ಅಂಥ ಹೊತ್ತಿನಲ್ಲಿ ಮೆಂಡೆಲ್‌ನ ಮುಖ ಏಕೆ ಬಂತು ಎಂದು ವಿದ್ಯಾರ್ಥಿಗಳನ್ನೇ ಕೇಳಿ.

ಕೊನೆಗೆ, ಆಲ್ಬಮ್ಮಿನ ಹಿಂಭಾಗದ ಜೇಬಿನಲ್ಲಿ ಹಳೆಯ ಕಾಗದಗಳೇನಾದರೂ ಇವೆಯೇ ನೋಡಿ. ಚೀಟಿ ಇರದಿದ್ದರೂ ಚಿಂತೆಯಿಲ್ಲ. ಪ್ಲೇಗು, ಕಾಲರಾಗಳ ಭಯದ ಕಾಲದಲ್ಲಿ ಬಂದರುಗಳಲ್ಲಿ ಕಾಗದಗಳನ್ನು ಸೀಳಿ ಅಥವಾ ಮೊಳೆಯ ಹಲಗೆಯಿಂದ ಚುಚ್ಚಿ ಹೊಗೆ ಹಾಕುತ್ತಿದ್ದರು, ವಿನೆಗರ್‌ನಲ್ಲಿ ಅದ್ದುತ್ತಿದ್ದರು. ಇಟಲಿಯ ಕೆಲವು ಕಾಗದಗಳ ಮೇಲೆ ಹೊರಗೆ ಶುದ್ಧ, ಒಳಗೆ ಮಲಿನ ಎಂಬರ್ಥದ ಮುದ್ರೆಯೇ ಇದೆ. ಲಕೋಟೆಯನ್ನು ಬಿಚ್ಚದೆ ಹೊರಮೈಗೆ ಮಾತ್ರ ಹೊಗೆ ಹಾಕಿದ್ದಾರೆಂದು ಅದರ ಸೂಚನೆ. ಹಾಗೆ ಸೀಳಿದ ಅಥವಾ ಸಾಲಾಗಿ ಚುಚ್ಚಿದ ಗುರುತುಗಳಿರುವ ಕಂದು ಕಲೆಯ ಕಾಗದ ಸಿಕ್ಕರೆ ಹರಿದುಹೋಗಿದೆಯೆಂದು ಅಂಟು ಹಚ್ಚಲು ಹೋಗಬೇಡಿ. ಮಡಿಕೆಯನ್ನೂ ಬಿಡಿಸದೆ ಹಾಗೆಯೇ ಇಟ್ಟು ನನಗೆ ಬರೆಯಿರಿ.